ಪುಸ್ತಕದ ಮೇಲೊಂದು ಕೊಸರು

ನಮ್ಮ ಸ್ಮಿತಾಳಿಗೆ ಲೈಬ್ರರಿಯಲ್ಲಿ ಕೆಲಸ ಸಿಕ್ಕಿತು. ಈ ಒಂದು ಸಾಲು ಬರೆಯುವುದಕ್ಕೇ ನಾನು ನೋಟ್‌ಬುಕ್ಕು ತರಿಸಿದ್ದು ಎಂದರೂ ಸುಳ್ಳಲ್ಲ. ಮಗನ ಮಗಳು, ನಾನೇ ಎತ್ತಿ ಆಡಿಸಿದವಳು, ಈಗ ಅಂಕೋಲೆ ಕಡೆಯ ಒಂದು ಪಂಚಾಯತಿ ಲೈಬ್ರರಿಗೆ ಮೇಲ್ವಿಚಾರಕಿ! ಸುದ್ದಿ ಬಂದ ದಿನ ಸಕ್ಕರೆ ಡಬ್ಬಿ ಹಿಡಿದುಕೊಂಡು ಅವರ್ಸಾ ಬಸ್‌ಸ್ಟಾಪಿನ ತನಕ ನಡೆದೆ. ಕಂಡವರ ಕೈಗೆಲ್ಲ ಒಂದೊಂದು ಚಮಚ ಹಾಕಿದೆ. ಕಾರವಾರ ಬಸ್ಸು ನಿಂತಿತ್ತು, ಕಂಡಕ್ಟರನಿಗೂ ಕೊಟ್ಟೆ.

"ಎಂತಕ್ಕೆ ಅಜ್ಜಿ, ಮೊಮ್ಮಗಳ ಮದ್ವೆಯಾ?" ಎಂದ.

"ಅದ್ಕಿಂತ ದೊಡ್ಡದು ಮಾರಾಯಾ. ತಿನ್ನು ಸುಮ್ನೆ."

ಮನೆಗೆ ಬಂದಾಗ ಡಬ್ಬಿ ಖಾಲಿ. ಸೊಸೆ ಚಹಾಕ್ಕೆ ಬೆಲ್ಲ ಹಾಕಿದಳು.

ಸ್ಮಿತಾಳೇ ಹೇಳಿದ್ದು, "ಅಜ್ಜೀ, ನೀ ಮಾಡಿದ ಕೆಲ್ಸದ ಬಗ್ಗೆ ಬರಿ. ನಮ್ಮ ಟ್ರೇನಿಂಗಲ್ಲಿ ಅದೆಲ್ಲ ಯಾರೂ ಹೇಳುದಿಲ್ಲ" ಎಂದು. ನಾನು ನಾಗಿ. ನಾಲ್ಕನೇ ಇಯತ್ತೆ ಪಾಸು. ಐದಕ್ಕೆ ಹೋದದ್ದು ಹದಿನೈದೇ ದಿನ. ಕಾಗುಣಿತದ ತಪ್ಪುಗಳನ್ನು ಮೊಮ್ಮಗಳು ತಿದ್ದಿದ್ದಾಳೆ. ಬೇರೆ ಏನನ್ನೂ ತಿದ್ದಬೇಡ ಎಂದು ಕಟ್ಟುನಿಟ್ಟಾಗಿ ಹೇಳಿದ್ದೇನೆ.

ಕಾರವಾರದಲ್ಲಿ ಒಂದು ಸಂಘದವರು ನಡೆಸುತ್ತಿದ್ದ ಲೈಬ್ರರಿಯಲ್ಲಿ ಇಪ್ಪತ್ತೆಂಟು ವರ್ಷ ದುಡಿದೆ. ಹುದ್ದೆಯ ಹೆಸರು ಒಂದೆರಡು ಸಲ ಬದಲಾಯಿತು, ಅದೆಲ್ಲ ಇಲ್ಲಿ ಬೇಡ. ಮಾಡಿದ ಕೆಲಸ ಒಂದೇ. ಬುಟ್ಟಿಯಲ್ಲಿ ಪುಸ್ತಕ ಹೊತ್ತುಕೊಂಡು ಹೋಗಿ ಮನೆ ಮನೆಗೆ ಕೊಡುವುದು, ಓದಿದ್ದನ್ನು ತಿರುಗಿ ತರುವುದು.

ಅದಕ್ಕೂ ಮೊದಲು ಅದೇ ಬುಟ್ಟಿಯಲ್ಲಿ ಸೊಪ್ಪು ಮಾರುತ್ತಿದ್ದೆ. ನಮ್ಮ ಗದ್ದೆಯ ಹರಿವೆ, ಬಸಳೆ, ಮೂಲಂಗಿ. ಬೆಳಗಿನ ಬಸ್ಸಿಗೆ ಕಾರವಾರಕ್ಕೆ ಹೋದರೆ ಬಿಸಿಲು ಏರಿದ ಮೇಲೆ ಲೈಬ್ರರಿಯ ಜಗಲಿಯ ನೆರಳಿನಲ್ಲಿ ಕೂರುತ್ತಿದ್ದೆ. ಲೈಬ್ರೇರಿಯನ್ ಸಾಹೇಬರು ನನ್ನನ್ನು ಎಬ್ಬಿಸಲಿಲ್ಲ. ಒಂದು ದಿನ ಹೊರಗೆ ಬಂದು, "ನಿಂಗೆ ಊರ ಹೆಂಗಸ್ರೆಲ್ಲ ಗುರ್ತದಾರಲ್ಲ? ಅವ್ರು ಇಲ್ಲಿ ಬರುದಿಲ್ಲ. ಪುಸ್ತಕ ಅವ್ರ ಮನೆಗೆ ಹೋಗ್ಬೇಕು. ಒಯ್ತ್ಯಾ?" ಎಂದು ಕೇಳಿದರು. ನನಗೆ ನಗು ಬಂತು. "ಸೊಪ್ಪಾದ್ರೆ ಸಂಜೆಗೆ ಬಾಡ್ತದೆ ಸಾಹೇಬ್ರೆ. ಇದು ಬಾಡುದಿಲ್ಲ ಅಲ್ದಾ? ಒಯ್ತೆ" ಎಂದೆ.

ಸೋಮವಾರ ಕಾಳಿ ಹೊಳೆ ದಾಟಿ ಸದಾಶಿವಗಡ, ಬುಧವಾರ ಮಲ್ಲಾಪುರದ ಕ್ವಾರ್ಟರ್ಸು, ಶುಕ್ರವಾರ ಅಂಕೋಲೆ. ಹೀಗೆ ನನ್ನ ತಿರುಗಾಟ ಶುರುವಾಯಿತು.

ಮೊದಲನೇ ತಪ್ಪು ಮೊದಲನೇ ತಿಂಗಳಿಗೇ ಆಯಿತು. ಸೊಪ್ಪು ಮಾರುವವಳಿಗೆ ಒಂದು ಅಭ್ಯಾಸವಿರುತ್ತದೆ. ಎರಡು ಕಟ್ಟು ತೆಗೆದುಕೊಂಡವರಿಗೆ ಮೇಲೆ ನಾಲ್ಕು ದಂಟು ಕೊಸರು ಹಾಕಬೇಕು. ಹಾಕದಿದ್ದರೆ ಕೈ ತಡೆಯುತ್ತದೆ, ಗಿರಾಕಿಯೂ ಬುಟ್ಟಿ ಬಿಟ್ಟು ಏಳುವುದಿಲ್ಲ. ಲೈಬ್ರರಿಯ ನಿಯಮ ಒಂದು ಕಾರ್ಡಿಗೆ ಎರಡು ಪುಸ್ತಕ. ನಾನು ಎರಡು ಕೊಟ್ಟು ಮೇಲೆ ಸಣ್ಣದೊಂದನ್ನು ಕೊಸರು ಹಾಕಿದೆ. ಕೊಸರು ಯಾರಾದರೂ ಬರೆದಿಡುತ್ತಾರೆಯೇ? ನಾನೂ ಬರೆಸಲಿಲ್ಲ. ತಿಂಗಳ ಕೊನೆಗೆ ಕಪಾಟು ನೋಡಿದ ಸಾಹೇಬರಿಗೆ ಸಣ್ಣ ಪುಸ್ತಕಗಳ ಒಂದು ಸಾಲೇ ಕಾಣಲಿಲ್ಲ.

"ನಾಗೀ, ಇದು ಹರಿವೆ ಸೊಪ್ಪಾ?" ಎಂದು ಕೂಗಿದರು. ಅವರು ಅಷ್ಟು ಜೋರಾಗಿ ಕೂಗಿದ್ದನ್ನು ಮತ್ತೆ ಕೇಳಿದ್ದು ಎರಡೇ ಸಲ.

ಕೊಸರು ಕೊಟ್ಟದ್ದನ್ನು ತಿರುಗಿ ಕೇಳುವುದಕ್ಕಿಂತ ನಾಚಿಕೆಯ ಕೆಲಸ ಇನ್ನೊಂದಿಲ್ಲ. ಮನೆ ಮನೆಗೆ ಹೋಗಿ ತಲೆ ತಗ್ಗಿಸಿ ಕೇಳಿದೆ. ಅಂಕೋಲೆಯಲ್ಲಿ ಒಬ್ಬರು, "ಕೊಟ್ಟದ್ದು ತಿರ್ಗಿ ಕೇಳ್ತ್ಯಲ್ಲೇ, ಥೂ!" ಎಂದು ಪುಸ್ತಕವನ್ನು ಜಗಲಿಗೆ ಎಸೆದರು. ಎತ್ತಿಕೊಂಡು ಸೆರಗಿನಿಂದ ಒರೆಸಿ ತಂದೆ. ಪುಸ್ತಕ ಎಲ್ಲ ಬಂತು. ಆದರೆ ಬರಿಗೈಯಲ್ಲಿ ಕೊಡುವುದು ನನ್ನಿಂದ ಆಗಲೇ ಇಲ್ಲ. ಹಾಗಾಗಿ ಪುಸ್ತಕದ ಬದಲು ಮಾತನ್ನು ಕೊಸರು ಹಾಕಲು ಶುರು ಮಾಡಿದೆ.

ಹೇಗೆಂದರೆ, ಸದಾಶಿವಗಡದ ಒಬ್ಬರು ಒಂದು ಕಾದಂಬರಿ ತಿರುಗಿ ಕೊಡುವಾಗ, "ಆ ಗಂಡಸಿಗೆ ಚಪ್ಪಲೀಲಿ ಹೊಡೀಬೇಕು ಕಾಣು" ಎಂದರೆ, ಬುಧವಾರ ಅದೇ ಪುಸ್ತಕವನ್ನು ಮಲ್ಲಾಪುರದಲ್ಲಿ ಕೊಡುವಾಗ, "ಇದ್ರಲ್ಲೊಬ್ಬ ಗಂಡಸು ಬತ್ತಾ, ಚಪ್ಪಲಿ ಹತ್ರ ಇಟ್ಕಣ್ರಾ" ಎನ್ನುತ್ತಿದ್ದೆ. ಅವರಿಗೆ ಖುಷಿ. ಮುಂದಿನ ವಾರ ಅವರ ಮಾತನ್ನು ಅಂಕೋಲೆಗೆ ಒಯ್ಯುತ್ತಿದ್ದೆ. ಒಬ್ಬರನ್ನೊಬ್ಬರು ನೋಡದ ಹೆಂಗಸರು ನನ್ನ ಬುಟ್ಟಿಯ ಮೂಲಕ ಮಾತಾಡಿಕೊಳ್ಳುತ್ತಿದ್ದರು. ನಾನು? ನಾನು ಒಂದು ಪುಸ್ತಕವನ್ನೂ ಓದಿರಲಿಲ್ಲ. ಹೆಸರು ಓದಲು ಬರುತ್ತಿತ್ತು, ಅಷ್ಟೇ. ಎಲ್ಲರೂ ನಾನು ಎಲ್ಲವನ್ನೂ ಓದಿದವಳೆಂದು ತಿಳಿದಿದ್ದರು. ನಾನೂ ಇಲ್ಲ ಎನ್ನಲಿಲ್ಲ.

ಎರಡನೇ ತಪ್ಪು ಅದರಿಂದಲೇ ಆದದ್ದು. ಮಲ್ಲಾಪುರದ ಕ್ವಾರ್ಟರ್ಸಿನಲ್ಲಿ ಮೈಸೂರು ಕಡೆಯ ಶಾರದಮ್ಮ ಇದ್ದರು. ಗಂಡ ಅಣು ವಿದ್ಯುತ್ ಸ್ಥಾವರದಲ್ಲಿ ಕೆಲಸಕ್ಕೆ. ಅವರಿಗೆ ಇಲ್ಲಿನ ಮಾತು ಅರ್ಥವಾಗುತ್ತಿರಲಿಲ್ಲ, ಮಳೆ ಹಿಡಿಸುತ್ತಿರಲಿಲ್ಲ. ಇಡೀ ದಿನ ಪುಸ್ತಕವೇ ಗೆಳತಿ. ಒಂದು ಬುಧವಾರ ಹೋದಾಗ ಅವರು ಕಾದಂಬರಿಯ ನಡುವೆ ಬೆರಳಿಟ್ಟುಕೊಂಡೇ ಬಾಗಿಲು ತೆರೆದರು. ನಾನು ಹೊಸ್ತಿಲ ಮೇಲೆ ಬುಟ್ಟಿ ಇಳಿಸುತ್ತಾ ಕೊಸರು ಹಾಕಿಯೇ ಬಿಟ್ಟೆ: "ಅಯ್ಯೋ, ಕೊನೀಗೆ ಆ ಮಗು ಉಳಿಯುದಿಲ್ಲಂತೆ ಅಲ್ದಾ ಅಮ್ಮಾ."

ಅವರ ಮುಖ ನೋಡಬೇಕಿತ್ತು. "ನಾಗಮ್ಮ, ಏನ್ ಮಾಡಿದ್ರೀ! ಆ ಮಗು ಈಗ ತಾನೆ ಹುಟ್ಟಿದೆ ಕಣ್ರೀ!" ಎಂದು ಬಾಗಿಲಲ್ಲೇ ಕೂತು ಅತ್ತರು. ಪುಸ್ತಕವನ್ನು ಮುಂದೆ ಓದಲಿಲ್ಲ. ಎರಡು ವಾರ ನನಗೆ ಬಾಗಿಲೂ ತೆರೆಯಲಿಲ್ಲ. ಮೂರನೇ ವಾರ ತೆರೆದು ಒಂದೇ ಮಾತು ಹೇಳಿದರು: "ಇನ್ಮೇಲೆ ಮೊದ್ಲು ಕೇಳಿ, ಎಲ್ಲಿ ತನಕ ಓದಿದೀರಿ ಅಂತ. ಆಮೇಲೆ ಬಾಯಿ ಬಿಡಿ."

ಸ್ಮಿತಾ, ಇದನ್ನು ನೆನಪಿಡು. ನಮ್ಮ ಕೆಲಸದಲ್ಲಿ ಮೊದಲ ಮಾತು "ಎಲ್ಲಿ ತನಕ ಬಂತು?" ಎಂಬುದು. ಓದುತ್ತಿರುವವರು ಒಂದು ದಾರಿಯ ನಡುವೆ ಇರುತ್ತಾರೆ. ಅವರು ಎಲ್ಲಿದ್ದಾರೆ ಎಂದು ತಿಳಿಯದೆ ಮಾತಾಡಬಾರದು.

ಮುಂದೆ ನನ್ನ ಶುಕ್ರವಾರದ ದಾರಿ ಉದ್ದವಾಯಿತು. ಅಂಕೋಲೆ ಮುಗಿಸಿ ಯಲ್ಲಾಪುರದ ಬಸ್ಸು ಹತ್ತಿ ರಾಮನಗುಳಿಗೆ ಹೋಗಬೇಕು. ಅಲ್ಲಿ ಒಬ್ಬರೇ ಓದುಗರು. ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಅಕ್ಕೋರು, ಮದುವೆಯಾಗದವರು, ಗಂಗಾವಳಿ ಹೊಳೆಯ ಕಡೆ ಮುಖ ಮಾಡಿದ ಎರಡು ಖೋಲಿಯ ಮನೆ. ಮೊದಲ ದಿನವೇ ಪುಸ್ತಕ ಕೊಟ್ಟು, ಕೊಸರಿಗೆಂದು ಮಲ್ಲಾಪುರದವರ ಮಾತು ಹೇಳಿದೆ. ಅಕ್ಕೋರು ಕನ್ನಡಕದ ಮೇಲಿಂದ ನೋಡಿದರು.

"ಅದು ಮಲ್ಲಾಪುರದವ್ರ ಮಾತಾತು. ನೀ ಎಲ್ಲಿ ತನಕ ಬಂದೆ?"

"ನಾನಾ?"

"ನೀನೇ. ಈ ಪುಸ್ತಕ ನೀ ಎಲ್ಲಿ ತನಕ ಓದ್ದೆ?"

ಅಷ್ಟು ವರ್ಷದಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ. ಸುಳ್ಳು ಹೇಳಬೇಕೆಂದು ಬಾಯಿ ತೆರೆದೆ, ಬರಲಿಲ್ಲ. "ಓದುದಿಲ್ಲ ಅಕ್ಕೋರೆ. ನಾಲ್ಕನೇ ಇಯತ್ತೆ ನಾನು" ಎಂದೆ.

"ನಾಲ್ಕನೇ ಇಯತ್ತೆಗೆ ಅಕ್ಷರ ಎಲ್ಲಾ ಬಂದಿರ್ತದೆ. ಹೊಸದು ಯಾವ್ದೂ ಇಲ್ಲ. ಬಸ್ಸಲ್ಲಿ ಸುಮ್ನೆ ಕೂತಿರ್ತೆ ಅಲ್ದಾ? ಶುಕ್ರವಾರಕ್ಕೆ ಒಂದು ಪುಟ. ಓದ್ಕಂಡು ಬಂದ್ರೆ ಚಾ, ಇಲ್ದಿದ್ರೆ ನೀರು."

ನಾಲ್ಕು ಶುಕ್ರವಾರ ಬರೀ ನೀರು ಕುಡಿದೆ. ಐದನೇ ವಾರ, ಮನೆಯಲ್ಲಿ ಗಂಡ ನಗುತ್ತಿದ್ದರೂ, ಒಂದು ಪುಟ ಮುಗಿಸಿದೆ. ಬಸ್ಸಿನ ಕಿಟಕಿಗೆ ಒರಗಿ, ಬಾಯಲ್ಲೇ ಅಕ್ಷರ ಕೂಡಿಸುತ್ತಾ. ಪಕ್ಕದಲ್ಲಿ ಕೂತವರು ಜಪ ಮಾಡುತ್ತಿದ್ದಾಳೆ ಎಂದುಕೊಂಡಿರಬೇಕು. ಆ ದಿನದ ಚಹಾದ ರುಚಿ ಈಗಲೂ ಹೇಳಬಲ್ಲೆ. ಶುಂಠಿ ಜಾಸ್ತಿಯಾಗಿತ್ತು. ಬರಬರುತ್ತಾ ವಾರಕ್ಕೊಂದು ಪುಟ ದಿನಕ್ಕೊಂದಾಯಿತು. ಮೊದಲ ಪುಸ್ತಕ ಮುಗಿಯಲು ಒಂದು ಮಳೆಗಾಲ ಪೂರ್ತಿ ಬೇಕಾಯಿತು.

ಓದಲು ಕಲಿತ ಮೇಲೆ ಕೆಲಸವೇ ಬೇರೆಯಾಯಿತು. ಮೊದಲು ಮಾತನ್ನು ಹೊರುತ್ತಿದ್ದೆ, ಈಗ ಜಗಳವನ್ನು ಹೊರತೊಡಗಿದೆ. ಸದಾಶಿವಗಡದಲ್ಲಿ ದತ್ತಾರಾಮ ಎಂಬ ಅಂಗಡಿಯವರಿದ್ದರು. ಅಕ್ಕಿ ಚೀಲಕ್ಕೆ ಒರಗಿ ಓದುವವರು, ಓದುವಾಗ ಗಿರಾಕಿ ಬಂದರೆ ಸಿಟ್ಟಾಗುವವರು. ಅವರಿಗೂ ಅಕ್ಕೋರಿಗೂ ಒಂದು ಕಾದಂಬರಿಯ ಮೇಲೆ ಜಗಳ ಬಿತ್ತು. ಅದರಲ್ಲಿ ಮನೆ ಬಿಟ್ಟುಹೋದ ಹೆಂಡತಿಯೊಬ್ಬಳು ಆರು ವರ್ಷದ ಮೇಲೆ ತಿರುಗಿ ಬರುತ್ತಾಳೆ.

"ಅರೆ ನಾಗಿಬಾಯಿ, ಬಂದದ್ದೇ ಅವಳ ತಪ್ಪು! ಹಾಗೇ ಹೇಳು ನಿನ್ನ ಅಕ್ಕೋರಿಗೆ" ಎಂದು ಸೋಮವಾರ ಇವರು.

"ಆ ಅಂಗಡಿಯವ್ರಿಗೆ ಹೇಳು, ಮನೆ ಅವಳದೂ ಹೌದು. ತನ್ನ ಮನೆಗೆ ತಾ ಬರುಕೆ ಯಾರ ಅಪ್ಪಣೆ ಬೇಕು?" ಎಂದು ಶುಕ್ರವಾರ ಅವರು.

ಐದು ತಿಂಗಳು ನಡೆಯಿತು ಈ ವ್ಯಾಜ್ಯ. ದತ್ತಾರಾಮರು ಒಂದು ಸಲ ಸಿಟ್ಟಿನಲ್ಲಿ ಅರ್ಧ ಸೇರು ಗೋಡಂಬಿ ಕಟ್ಟಿಕೊಟ್ಟರು. "ಇದ್ನ ಕೊಡು, ತಿಂದಾದ್ರೂ ಬುದ್ಧಿ ಬರ್ಲಿ." ಅಕ್ಕೋರು ಗೋಡಂಬಿ ತಿಂದರು, ಸೋಲಲಿಲ್ಲ. ಅವರಿಬ್ಬರೂ ಒಬ್ಬರನ್ನೊಬ್ಬರು ಕೊನೆಗೂ ನೋಡಲಿಲ್ಲ. ದತ್ತಾರಾಮರು ತೀರಿಕೊಂಡ ಸುದ್ದಿಯನ್ನು ನಾನೇ ರಾಮನಗುಳಿಗೆ ಒಯ್ದೆ. ಅಕ್ಕೋರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಆಮೇಲೆ, "ಅವ್ರು ಹೇಳಿದ್ರಲ್ಲೂ ಸ್ವಲ್ಪ ಸತ್ಯ ಇತ್ತು ನಾಗೀ. ಬದ್ಕಿದ್ದಾಗ ಹೇಳ್ಬೇಕಿತ್ತು" ಎಂದರು.

ಹದಿಮೂರು ವರ್ಷ ಶುಕ್ರವಾರ ತಪ್ಪಿಸಲಿಲ್ಲ. ಅಷ್ಟರಲ್ಲಿ ಉಳಿದ ದಾರಿಗಳು ಒಂದೊಂದಾಗಿ ಬರಿದಾದವು. ಟಿ.ವಿ. ಬಂತು, ಆಮೇಲೆ ಫೋನು. ಶಾರದಮ್ಮನ ಗಂಡನಿಗೆ ವರ್ಗವಾಯಿತು. ಹಳೆಯ ಸಾಹೇಬರು ಹೋಗಿ ಹೊಸಬರು ಬಂದರು. ಒಳ್ಳೆಯವರೇ. ಪುಸ್ತಕಕ್ಕೆಲ್ಲ ಗೆರೆಗೆರೆ ಚೀಟಿ ಅಂಟಿಸಿ ಕಂಪ್ಯೂಟರಿಗೆ ಹಾಕಿದರು. ಯಾವ ಪುಸ್ತಕ ಯಾರ ಮನೆಯಲ್ಲಿದೆ ಎಂದು ಒಂದು ಗಳಿಗೆಯಲ್ಲಿ ಹೇಳುತ್ತಿದ್ದರು. ನನಗದು ಇಷ್ಟವೇ ಆಯಿತು. ಆದರೆ ಆ ಮನೆಯವರು ಎಲ್ಲಿ ತನಕ ಬಂದಿದ್ದಾರೆ ಎಂದು ಯಂತ್ರಕ್ಕೆ ಗೊತ್ತಿರಲಿಲ್ಲ. "ಅದು ಯಾಕೆ ಬೇಕು ನಾಗಮ್ಮ?" ಎಂದು ಹೊಸ ಸಾಹೇಬರು ಕೇಳಿದರು. ನಾನು ಬುಟ್ಟಿ ಎತ್ತಿಕೊಂಡು ಹೊರಟೆ. ಈಗಾದರೆ ಉತ್ತರ ಹೇಳುತ್ತಿದ್ದೆ.

ನಾನು ನಿವೃತ್ತಳಾಗುವ ಹೊತ್ತಿಗೆ ಅಕ್ಕೋರ ಕಣ್ಣು ಮಂಜಾಗಿತ್ತು. ಆಪರೇಷನ್ ಮಾಡಿದರೂ ಅಕ್ಷರ ಕಾಣುವಷ್ಟು ಬೆಳಕು ಬರಲಿಲ್ಲ. ಕೊನೆಯ ಶುಕ್ರವಾರ ಅವರು ತಮ್ಮದೇ ಪುಸ್ತಕವೊಂದನ್ನು ನನ್ನ ಬುಟ್ಟಿಗೆ ಹಾಕಿದರು. ದಪ್ಪ ಕಾದಂಬರಿ, ನಾನೂರ ಎಂಟು ಪುಟ. ಅಕ್ಕ ತಂಗಿಯರಿಬ್ಬರು ಒಂದು ಬಾವಿಯ ಪಾಲಿಗಾಗಿ ಮಾತು ಬಿಟ್ಟ ಕತೆ.

"ಇದ್ರಲ್ಲಿ ನಾ ನೂರಾ ತೊಂಬತ್ತನೇ ಪುಟಕ್ಕೆ ಬಂದಾಗ ಕಣ್ಣು ಕೈ ಕೊಡ್ತು. ನೀ ಮೊದ್ಲಿಂದ ಓದು. ನೂರಾ ತೊಂಬತ್ತಕ್ಕೆ ಬಂದ್ಕೂಡ್ಲೆ ಇಲ್ಲಿಗೆ ಬಾ. ಮುಂದಿಂದು ಇಬ್ರೂ ಸೇರಿ ಓದ್ವಾ."

"ಬತ್ತೆ ಅಕ್ಕೋರೆ" ಎಂದೆ.

ಹೋಗಲಿಲ್ಲ. ಈ ಬರಹದಲ್ಲಿ ತಪ್ಪುಗಳನ್ನು ಹೇಳುತ್ತೇನೆ ಎಂದು ಕೂತವಳು ನಾನು, ಇದನ್ನು ಮುಚ್ಚಿಡುವಂತಿಲ್ಲ. ನಿವೃತ್ತಿಯಾದ ತಿಂಗಳಿಗೇ ಗಂಡ ಹಾಸಿಗೆ ಹಿಡಿದರು. ಅವರ ಮಂಚದ ಪಕ್ಕದಲ್ಲೇ ನೂರ ತೊಂಬತ್ತು ಪುಟ ಓದಿದೆ. ಅವರು ಹೋದ ಮೇಲೆ ವರ್ಷ ತುಂಬುವ ತನಕ ಮನೆ ಬಿಟ್ಟು ಹೊರಡಲು ಮನಸ್ಸಾಗಲಿಲ್ಲ. ಕೊನೆಗೆ ರಾಮನಗುಳಿಗೆ ಹೋದಾಗ ಅಕ್ಕೋರ ಮನೆಗೆ ಬೀಗ. ಪಕ್ಕದ ಮನೆಯ ಮುದುಕಿ ಜಗಲಿಯಿಂದಲೇ, "ಕಣ್ಣು ಕಾಣುದಿಲ್ಲ ಅಂತ ತಮ್ಮನ ಮಗ ಬಂದು ಕರ್ಕಂಡು ಹೋದ. ಹಳಿಯಾಳವೋ ದಾಂಡೇಲಿಯೋ, ನಂಗೊತ್ತಿಲ್ಲ. ನೀ ಬತ್ತೆ ಅಂತ ಎರಡು ತಿಂಗ್ಳು ಶುಕ್ರವಾರ ಶುಕ್ರವಾರ ಚಾ ಇಟ್ಟಿದ್ರು" ಎಂದಳು.

ಬಸ್ಸಿನಲ್ಲಿ ತಿರುಗಿ ಬರುವಾಗ ಆ ದಿನದ ಟಿಕೆಟನ್ನು ನೂರ ತೊಂಬತ್ತನೇ ಪುಟಕ್ಕೆ ಇಟ್ಟು ಪುಸ್ತಕ ಮುಚ್ಚಿದೆ. ಆ ಪುಟದ ಕೊನೆಯಲ್ಲಿ ಅಕ್ಕ ತಂಗಿಯ ಮನೆಯ ಬಾಗಿಲಿಗೆ ಬಂದು ನಿಂತಿದ್ದಾಳೆ, ಬಡಿಯಲು ಕೈ ಎತ್ತಿದ್ದಾಳೆ.

ಅಲ್ಲಿಂದ ಹನ್ನೊಂದು ವರ್ಷ. ಮನೆಯಲ್ಲಿ ಐದು ಜನ ಇದ್ದೇವೆ. ಮಗ ಸೊಸೆ ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ, ಒಂದು ಮಾತು ಅಂದವರಲ್ಲ. ಆದರೂ ಬೇರೆ ಪುಸ್ತಕಗಳನ್ನು ಓದಿ ಮುಚ್ಚಿದಾಗಲೆಲ್ಲ ಬಾಯಿ ತುಂಬಾ ಮಾತು ಇರುತ್ತಿತ್ತು, ಕೊಡಲು ಬಾಗಿಲಿರಲಿಲ್ಲ. ಒಮ್ಮೆ ಮಗ ಊಟಕ್ಕೆ ಕೂತಾಗ ಒಂದು ಕತೆ ಹೇಳಲು ಶುರು ಮಾಡಿದೆ. ಅವನು ಪ್ರೀತಿಯಿಂದಲೇ, "ಹೌದಾ ಆಯಿ, ಹೌದಾ" ಎನ್ನುತ್ತಾ ಫೋನು ನೋಡುತ್ತಿದ್ದ. ನಾನು ನಡುವೆ ನಿಲ್ಲಿಸಿದೆ. ಅವನಿಗೆ ತಿಳಿಯಲಿಲ್ಲ. ಶುಕ್ರವಾರ ಬಂದರೆ ಕಾಲು ತಾನಾಗಿ ಬಸ್‌ಸ್ಟಾಪಿಗೆ ಹೋಗುತ್ತಿತ್ತು. ಯಲ್ಲಾಪುರ ಬೋರ್ಡಿನ ಬಸ್ಸು ಹೋಗುವ ತನಕ ಕೂತು ಬರುತ್ತಿದ್ದೆ. ಆ ದಪ್ಪ ಪುಸ್ತಕವನ್ನು ಮಾತ್ರ ಮುಂದೆ ಓದಲಿಲ್ಲ. ಅಕ್ಕೋರನ್ನು ಬಿಟ್ಟು ಹೇಗೆ ಓದುವುದು? ಅಕ್ಕ ಹಾಗೆಯೇ ಕೈ ಎತ್ತಿಕೊಂಡು ಬಾಗಿಲಲ್ಲಿ ನಿಂತೇ ಇದ್ದಳು.

ಈಗ ಸ್ಮಿತಾಳ ವಿಷಯಕ್ಕೆ ಬರುತ್ತೇನೆ. ಕೆಲಸಕ್ಕೆ ಸೇರಿದ ತಿಂಗಳಲ್ಲೇ ಅವಳು ಶುಕ್ರವಾರ ಸಂಜೆ ಓದುಗರನ್ನು ಕೂರಿಸಿ ಮಾತಾಡಿಸುವುದನ್ನು ಶುರು ಮಾಡಿದಳು. ಪುಸ್ತಕ ಮುಗಿದಿರಬೇಕೆಂದಿಲ್ಲ, ಈಗ ಏನು ಓದುತ್ತಿದ್ದೀರಿ ಅಷ್ಟು ಹೇಳಿದರೆ ಸಾಕು. ಮೊದಲ ಶುಕ್ರವಾರ ನಾನು ಹೊಸ ಸೀರೆ ಉಟ್ಟು ಹೋದೆ. ಐದು ಜನ ಬಂದಿದ್ದರು. ನನ್ನ ಮೊಮ್ಮಗಳು ಕುರ್ಚಿ ಎಳೆದುಕೊಂಡು ಎಲ್ಲರ ನಡುವೆ ಕೂತು, "ಎಲ್ಲಿ ತನಕ ಬಂತು ಹೇಳ್ರಾ" ಎಂದಾಗ ನನಗೆ ಎದೆ ಉಬ್ಬಿತು. ನಾನು ಕಲಿಸಿದ್ದಲ್ಲ. ಚಿಕ್ಕಂದಿನಿಂದ ಕೇಳಿ ಕೇಳಿ ಅವಳಿಗೆ ಬಂದದ್ದು.

ನನ್ನ ಸರದಿ ಬಂತು. "ನೂರಾ ತೊಂಬತ್ತು" ಎಂದೆ.

"ಯಾವಾಗಿಂದ ಓದ್ತಿದ್ರಿ ಅಜ್ಜಿ?" ಎಂದು ಒಬ್ಬಳು ಹುಡುಗಿ ಕೇಳಿದಳು.

"ಹನ್ನೊಂದು ವರ್ಷ ಆತು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಸ್ಮಿತಾ ನಗಲಿಲ್ಲ. ಮನೆಗೆ ಬಂದ ಮೇಲೆ ಆ ಪುಸ್ತಕ ತೆರೆದು, ಮಾಸಿದ ಬಸ್ ಟಿಕೆಟ್ ನೋಡಿ, "ಅಜ್ಜೀ, ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?" ಎಂದಳು. ಅವಳ ಜೊತೆ ಟ್ರೇನಿಂಗ್ ಆದವರೊಬ್ಬರು ರಾಮನಗುಳಿ ಕಡೆಯ ಲೈಬ್ರರಿಯಲ್ಲಿದ್ದರು. ಅವರು ಅಕ್ಕೋರ ಹಳೆಯ ವಿದ್ಯಾರ್ಥಿಗಳನ್ನು ಕೇಳಿದರು. ಎರಡೇ ವಾರದಲ್ಲಿ ನಂಬರು ಬಂತು. ಹಳಿಯಾಳವಂತೆ. ಅಕ್ಕೋರು ಇದ್ದಾರಂತೆ. ಎಂಬತ್ತಾರು ವರ್ಷ.

ಫೋನು ಹಚ್ಚಿ ಸ್ಮಿತಾ ನನ್ನ ಕೈಗೆ ಕೊಟ್ಟಳು.

"ಅಕ್ಕೋರೆ, ನಾನು ನಾಗಿ. ಬುಟ್ಟಿ ನಾಗಿ."

ಅಕ್ಕೋರು ಆರಾಮಿದ್ಯಾ ಎಂದಿಲ್ಲ, ಎಲ್ಲಿದ್ದೆ ಎಂದಿಲ್ಲ, "ಎಲ್ಲಿ ತನಕ ಬಂದೆ?" ಎಂದರು.

"ಅಲ್ಲೇ ಇದ್ದೆ ಅಕ್ಕೋರೆ. ನೂರಾ ತೊಂಬತ್ತು."

"ಎಂತಾ?"

"ನಿಮ್ಮನ್ನ ಬಿಟ್ಟು ಮುಂದೆ ಓದುದು ಸರಿ ಕಾಣ್ಲಿಲ್ಲ."

"ಮಳ್ಳೀ!" ಎಂದು ಬೈದರು. ಹಳೆಯ ದನಿಯೇ, ಸ್ವಲ್ಪ ತೆಳುವಾಗಿತ್ತು. "ನಾ ಇಲ್ಲಿ ಬಂದು ಎರಡು ವರ್ಷಕ್ಕೇ ತಮ್ಮನ ಸೊಸೆ ಅದೇ ಪುಸ್ತಕ ತರ್ಸಿ ಪೂರ್ತಿ ಓದಿ ಹೇಳ್ತು. ನಂದು ಮುಗ್ದು ಹತ್ತು ವರ್ಷ ಆತು!"

ನನಗೆ ಸಿಟ್ಟು ಬಂತೋ ನಗು ಬಂತೋ ತಿಳಿಯಲಿಲ್ಲ. "ಹಾಗಾದ್ರೆ ಅಕ್ಕ ಬಾಗ್ಲು ಬಡಿದ್ಲಾ?" ಎಂದು ಕೇಳಿದೆ.

"ಹೇಳುದಿಲ್ಲ." ಎಂದರು. "ಹತ್ತು ವರ್ಷದಿಂದ ಬಾಯಿ ಕಟ್ಕಂಡು ಕೂತಿದ್ದೆ ನಾಗೀ. ಸೊಸೆ ಪಾಪ, ಓದಿ ಹೇಳ್ತು, ಮರುದಿನ ಆಫೀಸಿಗೆ ಹೋತು. ಅವ್ಳಿಗೆ ಕತೆ ಮುಗಿದ್ರೆ ಮುಗೀತು. ನಂಗೆ ಆ ಅಕ್ಕನ ಬಗ್ಗೆ ಜಗಳ ಮಾಡ್ಬೇಕಿತ್ತು. ಯಾರ ಹತ್ರ ಮಾಡುದು?"

ನಾನು ಪುಸ್ತಕ ಮುಚ್ಚಿ ಕಾದಿದ್ದೆ, ಅವರು ಮುಗಿಸಿ ಕಾದಿದ್ದರು. ಹೊಸದಾಗಿ ಕೆಲಸಕ್ಕೆ ಸೇರುವ ಮಕ್ಕಳಿಗೆ ನಾನು ಹೇಳುವುದು ಇಷ್ಟೇ. ಒಬ್ಬ ಓದುಗರು ಬರುವುದು ನಿಂತರೆ ಅವರ ಮನೆಗೆ ಹೋಗಿ. ನಾಳೆ ಎನ್ನಬೇಡಿ. ಪುಸ್ತಕ ಕೇಳಲು ಅಲ್ಲ, ಎಲ್ಲಿ ತನಕ ಬಂತು ಎಂದು ಕೇಳಲು.

ಆ ದಿನವೇ ನೂರ ತೊಂಬತ್ತೊಂದನೇ ಪುಟ ತಿರುಗಿಸಿದೆ. ಅಕ್ಕ ಬಾಗಿಲು ಬಡಿದಳೋ ಇಲ್ಲವೋ ನನಗೀಗ ಗೊತ್ತು. ನಿಮಗೆ ಹೇಳುವುದಿಲ್ಲ. ಶುಕ್ರವಾರ ನಾಲ್ಕು ಗಂಟೆಗೆ ಸ್ಮಿತಾ ಫೋನು ಹಚ್ಚಿಕೊಡುತ್ತಾಳೆ. ಅಕ್ಕೋರು ಅಲ್ಲಿ ಚಹಾ ಹಿಡಿದು ಕೂತಿರುತ್ತಾರೆ, ನಾನು ಇಲ್ಲಿ. ಓದಿದಷ್ಟನ್ನು ಹೇಳುತ್ತೇನೆ, ಅಕ್ಕನ ಪರವಾಗಿ ಅವರು, ತಂಗಿಯ ಪರವಾಗಿ ನಾನು, ಜಗಳವಾಗುತ್ತದೆ. "ಬೇಗ ಬೇಗ ಓದು ಅಜ್ಜಿ" ಎನ್ನುತ್ತಾಳೆ ಸ್ಮಿತಾ. ಅವಳು ಯಾಕೆ ಹಾಗೆ ಹೇಳುತ್ತಾಳೆಂದು ನನಗೆ ಗೊತ್ತು. ಆದರೆ ನನ್ನ ಓದು ಬಸ್ಸಿನಲ್ಲಿ ಕಲಿತ ಓದು, ನಿಲ್ದಾಣ ನಿಲ್ದಾಣಕ್ಕೆ ನಿಂತೇ ಹೋಗುತ್ತದೆ.

ಕಳೆದ ಶುಕ್ರವಾರ ಫೋನು ಇಡುವ ಮೊದಲು, "ಕೊಸರು ಇಲ್ವಾ ಅಕ್ಕೋರೆ?" ಎಂದು ಕೇಳಿದೆ.

ಅಕ್ಕೋರು ಚಹಾ ಲೋಟ ಕೆಳಗಿಟ್ಟ ಸದ್ದು ಕೇಳಿತು. "ಇನ್ನೂರಾ ಮೂವತ್ತೊಂದನೇ ಪುಟಕ್ಕೆ ಬಂದಾಗ ಒಬ್ಳೇ ಓದ್ಬೇಡ ನಾಗೀ. ಫೋನಲ್ಲಿ ನನ್ನ ಹಿಡ್ಕಂಡು ಓದು."

ನಿನ್ನೆ ಇನ್ನೂರ ಮೂವತ್ತು ಮುಗಿಯಿತು. ಬಸ್ ಟಿಕೆಟನ್ನು ಅಲ್ಲಿಟ್ಟು ಪುಸ್ತಕ ಮುಚ್ಚಿದ್ದೇನೆ. ಇವತ್ತು ಬುಧವಾರ.